ಎರಡು ತಾಸಿನ ತನಿಖೆ

ಸಂಶಿಯ ಮೆಣಸಿನಕಾಯಿ ಗೋಡೌನಿಗೆ ಬೆಂಕಿ ಬಿದ್ದ ದಿನ ಅದರ ಹೊಗೆಯನ್ನೆಲ್ಲ ನಾನೊಬ್ಬನೇ ಕುಡಿದೆ. ಹುಬ್ಬಳ್ಳಿಯ ಕಡೆ ಹೊರಟಿದ್ದ ಹೊಗೆಯನ್ನು ಬಾಯಿ ತೆರೆದು ಒಳಗೆ ಎಳೆದುಕೊಂಡೆ. ಮೂರು ದಿನ ನನ್ನ ಎರಡೂ ಕಿವಿಯಿಂದ ಹೊಗೆ ಬರುತ್ತಿತ್ತು. ನಾಲ್ಕನೆಯ ದಿನ ನನ್ನ ಹೆಂಡತಿ ನನ್ನ ನೆತ್ತಿಯ ಮೇಲೆ ಹಂಚು ಇಟ್ಟು ಆರು ರೊಟ್ಟಿ ಬೇಯಿಸಿದಳು. ಖಾರ ತುಸು ಹೆಚ್ಚಾಗಿತ್ತು, ಅಷ್ಟೇ.

ನಾನು ಗೂಳಪ್ಪ, ಆ ಗೋಡೌನಿನ ಹಮಾಲ. ಇಪ್ಪತ್ತೆರಡು ವರ್ಷ ಚೀಲ ಹೊತ್ತವನು. ಬೆನ್ನ ಮೇಲೆರಡು, ಹಲ್ಲಿನಲ್ಲೊಂದು. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಬರುತ್ತಿದ್ದ ಮೂವತ್ತು ಹೆಂಗಸರು ನನ್ನ ಮಾತು ಕೇಳಿ ಮೂಗಿಗೆ ಕಟ್ಟಿದ ಸೆರಗಿನೊಳಗೇ ನಗುತ್ತಿದ್ದರು. ದುರ್ಗವ್ವ ಒಬ್ಬಳೇ ನಗುತ್ತಿರಲಿಲ್ಲ.

"ಗೂಳ್ಯಾ, ನಿನ್ನ ಬಾಯಿಂದ ಒಂದ್ ದಿನ ಯಾರದರ ಮನಿ ಹಾಳಾಗ್ತೈತಿ ನೋಡು," ಎನ್ನುತ್ತಿದ್ದಳು.

ಬೆಂಕಿ ಬೀಳುವ ಎಂಟು ದಿನ ಮೊದಲು ಆಕೆ ಗೋಡೌನಿನ ಸಾವಕಾರನ ಮುಂದೆ ಹೋಗಿ ನಿಂತಳು. ತೂಕ ಬರಲೆಂದು ಅವನು ಕಾಯಿಗೆ ಪೈಪಿನಿಂದ ನೀರು ಹೊಡೆಸುತ್ತಿದ್ದ. ಆ ನೀರು ಗೋಡೆಯ ಮೇಲಿನ ಕರೆಂಟ್ ಬೋರ್ಡಿಗೂ ಸಿಡಿಯುತ್ತಿತ್ತು.

"ಸಾವಕಾರ್ರ, ಬೋರ್ಡ್ ಚಿಟಿಚಿಟಿ ಅಂತೈತ್ರಿ. ಕಿಡಿ ಬೀಳಾಕತ್ತಾವ್ರಿ."

"ನೀ ಏನ್ ಲೈನ್‌ಮನ್ ಏನಬೇ? ತುಂಬು ಬಿಡಸಾಕ ಕರದೇನಿ, ಬೋರ್ಡ್ ನೋಡಾಕಲ್ಲ. ಕುಂಡಿ ನೆಲಕ್ಕ ಹಚ್ಚಿ ಕೂಡು, ಬೋಸುಡಿ. ಇನ್ನೊಮ್ಮೆ ಬಾಯಿ ತಗದ್ರ ಗೇಟಿನಾಗ ಕಾಲಿಡಬ್ಯಾಡ."

ಎಂಟನೆಯ ದಿನ ಮಧ್ಯಾಹ್ನ ಬೋರ್ಡು ಉರಿಯಿತು. ಅದರ ಕೆಳಗಿದ್ದ ಖಾಲಿ ಚೀಲಗಳು ಹೊತ್ತಿದವು, ಆಮೇಲೆ ಕಾಯಿ. ಹಿಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ. ಹೆಂಗಸರು ಕಾಯಿ ಕದಿಯುತ್ತಾರೆಂದು ಸಾವಕಾರ ಹಾಕಿಸಿದ್ದು. ಮೂವತ್ತು ಮಂದಿ ಮುಂದಿನ ಬಾಗಿಲಿಗೇ ನುಗ್ಗಿದರು. ಇಪ್ಪತ್ತೊಂಬತ್ತು ಮಂದಿ ಹೊರಗೆ ಬಂದರು. ದುರ್ಗವ್ವ ಹೊಗೆಯೊಳಗೆ, ದಿನಾ ತನ್ನ ಪಕ್ಕ ಕೂತು ತುಂಬು ಬಿಡಿಸುತ್ತಿದ್ದ ಸಣ್ಣವ್ವನ ಕೈ ಹಿಡಿದು ಎಳೆದಿದ್ದಳು. ದುರ್ಗವ್ವನ ಕೈಗೆ ಬಂದದ್ದು ನಾಲ್ಕು ಹಸಿರು ಬಳೆ ಮಾತ್ರ. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ.

ಮೂರನೆಯ ದಿನ ವಿಮಾ ಕಂಪನಿ ಕಳಿಸಿದ ಬೆಂಕಿ ತನಿಖೆಯ ಸಾಹೇಬ ಬಂದ. ಬಿಳಿ ಬೂಟು ಹಾಕಿದ್ದ. ಒಳಗೆ ಕಾಯಿ ಇನ್ನೂ ಹೊಗೆಯಾಡುತ್ತಿತ್ತು. ಬಾಗಿಲ ಹತ್ತಿರ ಬಂದವನು ಒಂದೇ ಸೀನಿಗೆ ಸಾವಕಾರನ ಪಡಸಾಲೆಗೆ ಹಾರಿದ.

"ಒಳಗೆ ಹೋಗಿ ನೋಡಿ ಬರೋರು ಯಾರಾದ್ರೂ ಇದಾರಾ?" ಎಂದ, ಕರ್ಚೀಫಿನೊಳಗಿನಿಂದ.

"ನಾ ಇದ್ದೇನ್ರಿ! ಇಂಥಾ ಹೊಗಿ ನನಗ ಊದಿನಕಡ್ಡಿ ಇದ್ದಂಗ."

ಅವನು ಫೋಟೋ ಹೊಡೆದು ತಾ ಎಂದು ತನ್ನ ಫೋನು ಕೊಟ್ಟ. ನಾನು ಒಳಗೆ ಹೊಕ್ಕೆ. ಎರಡು ತಾಸು ಮೂಲೆಮೂಲೆ ತಿರುಗಿದೆ, ಬೂದಿಯಲ್ಲಿ ಬಿದ್ದ ಸೂಜಿಯನ್ನೂ ಬಿಡಲಿಲ್ಲ. ಹೊರಗೆ ಬಂದಾಗ ಸಾವಕಾರ ತಾನೇ ಕುರ್ಚಿ ಎಳೆದು, "ಬರ್ರಿ ಗೂಳಪ್ಪನವರ, ಕೂಡ್ರಿ," ಎಂದ. ಇಪ್ಪತ್ತೆರಡು ವರ್ಷದಲ್ಲಿ ಆ ಪಡಸಾಲೆಗೆ ನನ್ನ ಬೆವರು ತಾಗಿತ್ತು, ಕುಂಡಿ ತಾಗಿರಲಿಲ್ಲ. ಆ ಕುರ್ಚಿ ಒಂದು ಎಕರೆ ಅಗಲವಿತ್ತು. ಸಾಹೇಬ ಏನೋ ಕೇಳಿದ, ನಾನು ಏನೋ ಹೇಳಿದೆ. ಪಂಚ ಸಾಕ್ಷಿಯೆಂದು ಸಹಿ ಹಾಕಿದೆ. ನನ್ನ ಸಹಿಯಿಲ್ಲದೆ ಆ ವರದಿ ಎದ್ದು ನಿಲ್ಲುತ್ತಲೇ ಇರಲಿಲ್ಲ.

ಮರುದಿನವೇ ಸಾವಕಾರ ಜೆಸಿಬಿ ತರಿಸಿ ಬೋರ್ಡು, ಗೋಡೆ, ಬೂದಿ ಎಲ್ಲವನ್ನೂ ಹಳ್ಳಕ್ಕೆ ಸುರಿಸಿದ. ಹದಿನೈದು ದಿನಕ್ಕೆ ಪೊಲೀಸರು ದುರ್ಗವ್ವನ ಬಾಗಿಲಿಗೆ ಬಂದರು. ಚಹಾ ಮಾಡಲು ಗೋಡೌನಿನೊಳಗೆ ಸ್ಟೋವ್ ಹಚ್ಚಿದವಳು ಆಕೆಯೇ, ಸಣ್ಣವ್ವ ಸತ್ತದ್ದೂ ಆಕೆಯಿಂದಲೇ ಎಂದು ವರದಿಯಲ್ಲಿ ಇತ್ತಂತೆ. ನಮಗೆ ಚಹಾ ಬರುತ್ತಿದ್ದದ್ದು ಬಸ್‌ಸ್ಟ್ಯಾಂಡಿನಿಂದ, ಕಿಟ್ಲಿಯಲ್ಲಿ.

"ಸಾವಕಾರನ್ನೂ ಆ ಸಾಹೇಬನ್ನೂ ಬಿಡಂಗಿಲ್ಲ," ಎಂದಳು ದುರ್ಗವ್ವ. "ಸಣ್ಣವ್ವನ್ನ ಕೊಂದು, ಹೆಣ ನನ್ನ ಹೆಗಲಿಗೆ ಹಾಕ್ಯಾರ. ಆ ಹೊಗಿ ಅವ್ರಿಗೂ ಕುಡಸ್ತೇನಿ."

ಸೇಡಿನ ಉಪಾಯವೆಲ್ಲ ನನ್ನದೇ ಎಂದು ನಾನು ಊರ ತುಂಬ ಹೇಳಿದೆ. ಹಳ್ಳದ ರಾಶಿಯಿಂದ ಅರೆಸುಟ್ಟ ಕಾಯಿ ಆರಿಸಿ ಹಿಟ್ಟಿನ ಚೀಲದಲ್ಲಿ ಕಟ್ಟಿಟ್ಟವಳು ಮಾತ್ರ ದುರ್ಗವ್ವ.

ನಾಲ್ಕು ತಿಂಗಳ ಮೇಲೆ ಸಣ್ಣವ್ವನ ಸಾವಿನ ವಿಚಾರಣೆ ಕುಂದಗೋಳದಲ್ಲಿ, ತಹಶೀಲ್ದಾರ ಮೇಡಂ ಮುಂದೆ ಕೂಡಿತು. ಮೇಜಿನ ಹತ್ತಿರ ಸಾವಕಾರ, ಸಾಹೇಬ ಕೂತರು; ಗೋಡೆಗುಂಟ ಇಪ್ಪತ್ತೊಂಬತ್ತು ಹೆಂಗಸರು ನಿಂತರು. ದುರ್ಗವ್ವನ ಪರವಾಗಿ ಬಂದ ವಕೀಲೆ ತಬಸುಮ್ ಸಣ್ಣ ದನಿಯಲ್ಲೇ ಕೇಳಲು ಶುರುಮಾಡಿದಳು.

"ಸಾಹೇಬ್ರ, ಒಳಗ ಎಷ್ಟು ಹೊತ್ತು ನಿಂತಿದ್ರಿ?"

"ಎರಡು ಗಂಟೆ. ವರದಿಯಲ್ಲೇ ಇದೆ. ಖುದ್ದಾಗಿ ಪರಿಶೀಲಿಸಿದೆ."

"ಫೋಟೋ ಐದು ಅದಾವು. ನಾಲ್ಕರಾಗ ಬರೇ ಹೊಗಿ, ಒಂದರಾಗ ಯಾರದೋ ಹೆಬ್ಬಟ್ಟು. ಬೋರ್ಡಿಂದು ಎಲ್ಲೈತ್ರಿ? ಬೆಂಕಿ ಎಲ್ಲಿ ಹುಟ್ಟಿತು ಅನ್ನೂದು ನೋಡೂದು ಬಿಟ್ಟು, ಯಾರ ತಲಿಗೆ ಕಟ್ಟೂದು ಅನ್ನೂದು ಮೊದಲ ನೋಡಿದ್ರಿ?"

"ನಮ್ಮದು ಅಭಿಪ್ರಾಯ ಮಾತ್ರ, ಮೇಡಂ. ಅದರ ಮೇಲೆ ಪೊಲೀಸರು ಏನು ಮಾಡ್ತಾರೋ, ಅದಕ್ಕೆ ನಾವು ಹೊಣೆ ಅಲ್ಲ."

"ಹಂಗಾರ ಹೊಣಿ ಯಾರಲೇ?" ಗೋಡೆಯ ಕಡೆಯಿಂದ ದುರ್ಗವ್ವ ಕೂಗಿದಳು. "ಸತ್ತಾಕೀನ?"

"ಸುಮ್ಮನಿರಮ್ಮ," ಎಂದರು ಮೇಡಂ.

ದುರ್ಗವ್ವ ಸುಮ್ಮನಿರಲಿಲ್ಲ. ಮುಂದೆ ಬಂದು ಫ್ಯಾನಿನ ಕೆಳಗೆ ನಿಂತು ಚೀಲ ಬಿಚ್ಚಿದಳು. ಒಂದು ಹಿಡಿ ಸುಟ್ಟ ಕಾಯಿ ತೆಗೆದು ಎರಡೂ ಅಂಗೈ ನಡುವೆ ಹಾಕಿ ತಿಕ್ಕಿದಳು. ಮೊದಲು ಗುಮಾಸ್ತ ಕೆಮ್ಮಿದ, ಆಮೇಲೆ ಮೇಡಂ. ಸಾವಕಾರ ಮೇಜಿನ ಕೆಳಗೆ ಮುಖ ಮುಚ್ಚಿಕೊಂಡ. ಬಿಳಿ ಬೂಟು ಬಾಗಿಲಿಗೆ ಓಡಿತು. ಅಷ್ಟರಲ್ಲಿ ಹೆಂಗಸರು ಮೂಗಿಗೆ ಸೆರಗು ಕಟ್ಟಿ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಸರಿಯಲಿಲ್ಲ.

"ಕುಡೀರಿ ಸಾಹೇಬ್ರ," ಎಂದಳು ದುರ್ಗವ್ವ. "ಇದು ಆರಿದ ಕಾಯಿ, ಒಂದ್ ಹಿಡಿ. ನೀವ್ ಉರಿಯೂ ರಾಶಿ ಮುಂದ ಎರಡ್ ತಾಸು ನಿಂತವ್ರು. ಎರಡ್ ನಿಮಿಷ ನಿಂತು ತೋರಸ್ರಿ."

ಇದೆಲ್ಲ ನನ್ನದೇ ಯುದ್ಧವೆಂಬಂತೆ ನಾನು ಎದೆಯುಬ್ಬಿಸಿ ಮುಂದೆ ಬಂದೆ. ಆಗಲೇ ಸಾಹೇಬ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಬೆರಳು ತೋರಿಸಿದ.

"ಇವನು! ಪಂಚ ಸಾಕ್ಷಿ! ಒಳಗೆ ಹೋಗಿ ನೋಡಿದವನು ಇವನು. ಸ್ಟವ್ ಇತ್ತು ಅಂತ ಇವನೇ ಹೇಳಿದ್ದು."

ಇಪ್ಪತ್ತೊಂಬತ್ತು ಮಂದಿ ನನ್ನನ್ನು ನೋಡಿದರು. ದುರ್ಗವ್ವ ಮೆಲ್ಲಗೆ ನನ್ನ ಹತ್ತಿರ ಬಂದು ಖಾರದ ಅಂಗೈಗಳನ್ನು ನನ್ನ ಮುಖದ ಮುಂದೆ ಹಿಡಿದಳು. ಮುಂಗೈಯಲ್ಲಿ ನಾಲ್ಕು ಹಸಿರು ಬಳೆ.

"ನೀನಽ?" ಎಂದಳು. "ಹೇಳು. ಕಣ್ಣ್ ತಗದು ಹೇಳು ಗೂಳ್ಯಾ. ಸ್ಟೋವ್ ಎಲ್ಲಿತ್ತು?"

ಕಣ್ಣು ತೆರೆಯಲಿಲ್ಲ. ಆ ದಿನವೂ ತೆರೆದಿರಲಿಲ್ಲ.

"ನಾ ನೋಡಿಲ್ರಿ," ಎಂದೆ. "ಮೂರ್ ಹೆಜ್ಜಿ ಹೋಗಿದ್ದೆ. ಕಣ್ಣ್ ಮುಚ್ಚೇ ಇದ್ವು. ಕೈ ಮುಂದ ಮಾಡಿ ಫೋನ್ ಒತ್ತಿ ಓಡಿ ಬಂದೆ. ಕುರ್ಚಿ ಕೊಟ್ರು. ಒಳಗ ಸ್ಟವ್ ಇತ್ತಾ ಅಂದ್ರು. ಏನೂ ಕಾಣಲಿಲ್ಲ ಅಂದ್ರ ನನ್ನ ಮರ್ಯಾದಿ ಹೋಗ್ತಿತ್ತು. ಒಂದಲ್ಲ, ಎರಡ್ ಇದ್ವು ಅಂದೆ. ಯಾರ್ ಹಚ್ಚಿದ್ದು ಅಂತ ಸಾವಕಾರ್ರು ಹೇಳಿದ್ರು, ಹೂಂ ಅಂದೆ."

ಸಾವಕಾರ ಮೇಜಿನ ಕೆಳಗಿನಿಂದ ಎದ್ದ. "ಮೇಡಂ, ಇವನ ಮಾತ್ ಬರಕೋಬ್ಯಾಡ್ರಿ. ಅಗದಿ ಸುಳ್ಳ ಸೂಳೆಮಗ. ಇಡೀ ಸಂಶಿಗೆ ಗೊತ್ತೈತಿ, ಹುಟ್ಟಿದಾಗಿಂದ ಒಂದ್ ಖರೆ ಮಾತ್ ಆಡಿಲ್ಲ."

"ಹೌದ್ರಿ," ಎಂದಳು ದುರ್ಗವ್ವ. "ಆ ವರದಿನೂ ಇವನ ಬಾಯಿಂದನ ಬಂದದ್ದು. ಅದನ್ನೂ ನಂಬಬ್ಯಾಡ್ರಿ."

ಮೇಡಂ ಗುಮಾಸ್ತನಿಗೆ ಬರೆದುಕೋ ಎಂದರೋ, ಬೇಡ ಎಂದರೋ, ಕೆಮ್ಮಿನಲ್ಲಿ ಕೇಳಿಸಲಿಲ್ಲ. ಗುಮಾಸ್ತನ ಪೆನ್ನು ಹಾಳೆಯ ಮೇಲೆ ಎತ್ತಿಯೇ ಇತ್ತು.

"ಸಾಹೇಬನ್ನ ಬಿಡಂಗಿಲ್ಲ, ಸಾವಕಾರನ್ನ ಬಿಡಂಗಿಲ್ಲ," ದುರ್ಗವ್ವ ನನ್ನ ಕಿವಿಯಲ್ಲಿ ಹೇಳಿದಳು. "ಅವ್ರ ಬಾಜೂಕ ನಿನ್ನ ಹೆಸರೂ ಬರಸ್ತೇನಿ. ನಿನ್ನ ಸಹಿ ಚಂದ ಐತೆಲ್ಲ, ಅದನ್ನೂ ಹಾಕಸ್ತೇನಿ."

ಬರೆಸಲಿ. ಬರೆಸುವಾಗ ನನ್ನ ಈ ಕತೆಯ ಮೊದಲ ಮಾತನ್ನೂ ತಿದ್ದಿಸಲಿ. ಬೆಂಕಿ ಬಿದ್ದ ದಿನ ನಾನು ಗೋಡೌನಿನ ಮುಂದಿನ ಬಾಗಿಲಲ್ಲೇ ಚೀಲ ಹೊತ್ತು ನಿಂತಿದ್ದೆ. ಎಲ್ಲರಿಗಿಂತ ಮೊದಲು ಓಡಿದವನು ನಾನು. ಓಡುವಾಗ ಚೀಲವನ್ನು ಬಾಗಿಲಲ್ಲೇ ಒಗೆದೆ. ಹೆಂಗಸರು ಅದನ್ನು ದಾಟಿ ಬರಬೇಕಾಯಿತು. ಇಪ್ಪತ್ತೊಂಬತ್ತು ಮಂದಿ ದಾಟಿದರು. ಆ ಹೊಗೆಯನ್ನೆಲ್ಲ ಕುಡಿದವಳು ಸಣ್ಣವ್ವ.