ಹುರುಳಿ ಹಾಸಿದ ರಸ್ತೆಯಲ್ಲಿ ನಾನು

ನಾನು ಒಂದು ಸೈಕಲ್. ಸೀರೆಯುಟ್ಟವರೂ ಹತ್ತಲಿ ಎಂದು ನಡುವಿನ ಕೊಳವೆಯನ್ನು ಕೆಳಕ್ಕೆ ಬಾಗಿಸಿ ಮಾಡಿದ ಜಾತಿಯವಳು. ಕಾರ್ಖಾನೆಯಿಂದ ಬಿಡಿಭಾಗಗಳಾಗಿ ಬಂದ ನನಗೆ ರೂಪ ಸಿಕ್ಕಿದ್ದು ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ. ಅಂಗಡಿಯವರು ನನ್ನನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರವನ್ನು ತಿರುಗಿಸಿ, ಅದು ಎಲ್ಲಿ ಓಲುತ್ತದೆಂದು ನೋಡಿ, ಕಡ್ಡಿಗಳನ್ನು ಬಿಗಿ ಮಾಡಿದರು. ನನ್ನ ಸ್ವಭಾವದ ನಿಯಮ ಅಂದೇ ನನಗೆ ತಿಳಿಯಿತು: ಓಡುತ್ತಿರುವಷ್ಟು ಹೊತ್ತು ನೆಟ್ಟಗಿರುತ್ತೇನೆ; ನಿಂತರೆ ಯಾರಾದರೂ ಹಿಡಿದುಕೊಳ್ಳಬೇಕು.

ನನ್ನ ಮೊದಲ ಒಡತಿ ಶೈಲಶ್ರೀ ಕಾಲೇಜು ವಿದ್ಯಾರ್ಥಿನಿ. ಪೇಟೆಯ ನುಣುಪು ಬೀದಿಗಳಲ್ಲಿ ಅವಳೊಡನೆ ಕಳೆದ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅವಳು ಸ್ಕೂಟರ್ ಏರಿದ ಮೇಲೆ ಅವಳ ತಾಯಿ ನನ್ನನ್ನು ಹಳ್ಳಿಯ ಪರಿಚಿತೆ ಚಿಕ್ಕತಾಯಮ್ಮನಿಗೆ ಕೊಟ್ಟರು.

ಚಿಕ್ಕತಾಯಮ್ಮನಿಗೆ ಆಗ ನಲವತ್ತರ ಆಸುಪಾಸು. ಪಕ್ಕದೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಕೆಲಸ ಆಗಷ್ಟೇ ಸಿಕ್ಕಿತ್ತು. ಆದರೆ ಬಸ್ಸು ಬರುವ ಹೊತ್ತಿಗೆ ಮಕ್ಕಳ ಊಟದ ವೇಳೆಯೇ ಹತ್ತಿರವಾಗುತ್ತಿತ್ತು. ಹೀಗೇ ತಡವಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಎಚ್ಚರಿಸಿದ್ದರು. ಆದ್ದರಿಂದ ಅವಳು ಬೇಸಿಗೆ ರಜೆಯಲ್ಲಿ ನನ್ನನ್ನು ನಡೆಸಲು ಕಲಿತಳು. ಕಲಿಯುವಾಗಲೇ ಕಾಲುವೆಯ ಏರಿಯಿಂದ ಉರುಳಿ ಕೈ ಮುರಿದುಕೊಂಡಳು. ಆ ಕೈ ಕೂಡುವವರೆಗೆ ಅವಳಿಗೆ ತುತ್ತು ಮಾಡಿ ಉಣಿಸಿದವನು ಗಂಡ ಕೆಂಪರಾಜು.

“ಇನ್ನೊಂದ್ಸಲ ಬಿದ್ ಬಂದ್ರೆ ಈ ಸೈಕಲ್‌ನ ಗುಜರಿಗೆ ಹಾಕ್ಬುಡ್ತೀನಿ ಕನಮ್ಮಿ,” ಎಂದ. ಮಾತು ಒರಟಾಗಿತ್ತು, ಆದರೆ ಹೇಳುತ್ತಲೇ ಇನ್ನೊಂದು ತುತ್ತು ಮಾಡಿ ಅವಳ ಬಾಯಿಗಿಟ್ಟ.

ಹಳ್ಳಿಯ ರಸ್ತೆಯನ್ನು ನಾವಿಬ್ಬರೂ ಒಟ್ಟಿಗೇ ಕಲಿತೆವು. ಇಟ್ಟಿಗೆ ಗೂಡಿನ ನಾಯಿ ಅಟ್ಟಿಸಿಕೊಂಡು ಬಂದಾಗ ಅವಳು ಮೊದಮೊದಲು ಜೋರಾಗಿ ತುಳಿಯುತ್ತಿದ್ದಳು; ನಾಯಿಯೂ ಅಷ್ಟೇ ಜೋರಾಗಿ ಓಡುತ್ತಿತ್ತು. ಆಮೇಲೆ ಇಳಿದು, ನನ್ನನ್ನು ನಡುವೆ ಅಡ್ಡ ಹಿಡಿದು ನಿಲ್ಲತೊಡಗಿದಳು. ನಾಯಿಗೆ ಬೇಕಿದ್ದದ್ದು ಓಡುವ ವಸ್ತು. ನಿಂತ ಚಕ್ರವನ್ನು ಮೂಸಿ ಅದು ಬೇಸರದಿಂದ ಹಿಂದಿರುಗುತ್ತಿತ್ತು. ಜಾಲಿಮುಳ್ಳಿಗಂತೂ ಇಂಥ ಯಾವ ಉಪಾಯವೂ ನಡೆಯಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಹುರುಳಿ. ನಮ್ಮ ಸೀಮೆಯಲ್ಲಿ ಈಗ ಡಾಂಬರು ರಸ್ತೆಯೇ ಕಣ. ಕಿತ್ತ ಗಿಡಗಳನ್ನು ಹಾಸಿದರೆ ಲಾರಿ, ಬಸ್ಸುಗಳ ಚಕ್ರಗಳೇ ಕಾಳು ಬಿಡಿಸುತ್ತವೆ. ಅಗಲ ಚಕ್ರಕ್ಕೆ ಅದು ಬರಿಯ ಹುಲ್ಲು, ನನಗೆ ಬಲೆ. ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಕಾಳು ಟೈರಿನಡಿ ಉರುಳುತ್ತದೆ, ಅಂಚಿಗಿಟ್ಟ ಕಲ್ಲುಗಳು ಹುಲ್ಲಿನಲ್ಲಿ ಅಡಗಿರುತ್ತವೆ.

ಅಂದು ಬೆಳಿಗ್ಗೆ ಹುಣಸೆಮರದ ತಿರುವಿನಲ್ಲಿ ಮುದುಕಿ ಪುಟ್ಟಮಾದಮ್ಮ ರಸ್ತೆಯ ಪೂರ್ತಿ ಅಗಲಕ್ಕೆ ಹುರುಳಿ ಹಾಸಿದ್ದಳು. ಮೇಲೆ ಇಬ್ಬನಿ ಬೇರೆ. ಚಿಕ್ಕತಾಯಮ್ಮ ಕಂಡೊಡನೆ ಬ್ರೇಕ್ ಹಿಡಿದಳು. ನನ್ನ ಚಕ್ರ ನಿಂತಿತು, ಕೆಳಗಿನ ಹುಲ್ಲು ನಿಲ್ಲಲಿಲ್ಲ. ನಾನು ಕಲ್ಲಿಗೆ ಬಡಿದೆ, ಹ್ಯಾಂಡಲ್ ತಿರುಚಿತು. ಅವಳ ಮೊಣಕಾಲು ಒಡೆಯಿತು.

“ಅಯ್ಯೋ ಕೂಸೇ! ಇಳ್ದು ತಳ್ಕಂಡು ಬರ್ಬಾರ್ದಾ?” ಎಂದು ಮುದುಕಿ ಓಡಿಬಂದಳು.

“ಎಲ್ಲಿ ಇಳೀಲಿ ದೊಡ್ಡವ್ವ? ಕಾಲಿಡಾಕೆ ಜಾಗ ಬುಟ್ಟಿದ್ದೀಯಾ? ರಸ್ತೆ ಏನು ನಿಮ್ಮನೆ ಜಗಲಿಯಾ?”

“ಲಾರಿಯೋರು ಬಸ್ಸೋರು ಸುಮ್ಕೆ ಓಯ್ತಾರೆ. ನಿಂದೇ ಒಂದು ರಾಗ!”

ಅಷ್ಟರಲ್ಲಿ ಪುಟ್ಟಮಾದಮ್ಮನಿಗೆ ರಕ್ತ ಕಂಡಿತು. ನೀರು ತಂದು ಗಾಯ ತೊಳೆದಳು. ಕುಡುಗೋಲಿನ ತುದಿಯಿಂದ ನನ್ನ ಚೈನಿನ ಬಳ್ಳಿಯನ್ನು ಬಿಡಿಸಿದಳು. ಚಿಕ್ಕತಾಯಮ್ಮ ಅಳುತ್ತಿದ್ದಳು, ಆದರೆ ಮೊಣಕಾಲಿಗಾಗಿ ಅಲ್ಲ.

“ನನ್ ಗಂಡ ನೋಡುದ್ರೆ ಇದನ್ನ ಗುಜರಿಗೆ ಹಾಕ್ತನೆ. ಇದು ಓದ್ರೆ ಕೆಲ್ಸನೂ ಓಯ್ತದೆ ದೊಡ್ಡವ್ವ.”

ಕುಂಟುತ್ತಲೇ ನನ್ನನ್ನು ಶಾಲೆಗೆ ತಳ್ಳಿಕೊಂಡು ಹೋದಳು. ಅನ್ನ ಹೊತ್ತಿಗೆ ಸರಿಯಾಗಿ ಬೆಂದಿತು.

ಸಂಜೆ ಕೆಂಪರಾಜು ನನ್ನ ಸೊಟ್ಟ ಹ್ಯಾಂಡಲಿನ ಮೇಲೆ ಕೈಯಾಡಿಸಿದ. ನನ್ನನ್ನು ಹೆಗಲಿಗೇರಿಸಿದ. ಬಾಗಿಲಲ್ಲಿ ಪುಟ್ಟಮಾದಮ್ಮ ಮೊರದಲ್ಲಿ ಹುರುಳಿ ಹಿಡಿದು ನಿಂತಿದ್ದಳು.

“ಎಲ್ಲಿಗಪ್ಪ ಮೆರವಣಿಗೆ?”

“ಗುಜರಿಗೆ, ದೊಡ್ಡವ್ವ. ಮತ್ತೆ ಬಿದ್ ಬಂದವ್ಳೆ.”

“ಅವ್ಳು ಬಿದ್ದಿಲ್ಲ ಕನಪ್ಪ, ನಾನು ಬೀಳ್ಸಿದ್ದು. ಗುಜರಿಗೆ ಹಾಕದಾದ್ರೆ ನನ್ನ ಹೊತ್ಕಂಡೋಗು. ಸೈಕಲ್‌ಗಿಂತ ಹಗೂರವಾಗಿವ್ನಿ.”

ಕೆಂಪರಾಜು ನಗಲು ಹೋದ, ಆಗಲಿಲ್ಲ. “ಸೊಂಟಗಿಂಟ ಮುರ್ಕಂಡ್ರೆ ನಾನೇನ್ ಮಾಡ್ಲಿ?” ಎಂದ. ನನ್ನನ್ನು ಹೆಗಲಿನಿಂದಿಳಿಸಿ ಗೋಡೆಗೆ ಒರಗಿಸಿದ.

“ನಾಳೆ ಬಂದು ರಸ್ತೆ ನೋಡು. ಆಮೇಲೆ ಹೇಳು.”

ಮರುದಿನ ಗಂಡ ಹೆಂಡತಿ ಇಬ್ಬರೂ ನನ್ನನ್ನು ನಡೆಸಿಕೊಂಡು ತಿರುವಿಗೆ ಹೋದರು. ಹುರುಳಿಯ ಪಕ್ಕದಲ್ಲಿ, ರಸ್ತೆಯ ಒಂದು ಅಂಚಿನುದ್ದಕ್ಕೂ, ಮೊಳದಗಲದ ಜಾಗ ಖಾಲಿಯಿತ್ತು. ಅಲ್ಲಿ ಒಂದು ಕಾಳೂ ಉಳಿಯದಂತೆ ಪೊರಕೆಯಿಂದ ಗುಡಿಸಲಾಗಿತ್ತು. ಕಲ್ಲುಗಳು ದೂರದಿಂದಲೇ ಕಾಣುವಂತೆ ಸುಣ್ಣ ಬಳಿದುಕೊಂಡಿದ್ದವು. ಕೆಂಪರಾಜು ಆ ಅಂಚಿನ ಮೇಲೆ ನನ್ನನ್ನು ಕೊನೆಯವರೆಗೆ ಉರುಳಿಸಿ ನೋಡಿದ. ಹಿಂದಿರುಗಿ ಬಂದು ಹ್ಯಾಂಡಲನ್ನು ಹೆಂಡತಿಯ ಕೈಗೆ ಕೊಟ್ಟ.

ಮುಂದಿನ ಸುಗ್ಗಿಯಲ್ಲಿ ಬೇರೆ ಕೆಲವರೂ ಹೀಗೆಯೇ ಅಂಚು ಬಿಟ್ಟರು. ಎಲ್ಲರೂ ಅಲ್ಲ. ಬಿಡದವರ ಹುರುಳಿಯ ಮುಂದೆ ಚಿಕ್ಕತಾಯಮ್ಮ ಇಳಿದು, ನನ್ನನ್ನು ಎತ್ತಿಕೊಂಡೇ ದಾಟುತ್ತಿದ್ದಳು, ಅವರಿಗೆ ಕೇಳಿಸುವಂತೆ ಗೊಣಗುತ್ತ.

ವರ್ಷಗಳು ಕಳೆದು ನನ್ನ ಚೌಕಟ್ಟು ಸೀಳಿತು, ಬೆಸುಗೆಯೂ ನಿಲ್ಲಲಿಲ್ಲ. ಮನೆಗೆ ಬೇರೊಂದು ಸೈಕಲ್ ಬಂತು. ಒಂದು ದಿನ ಕೆಂಪರಾಜು ಮತ್ತೆ ನನ್ನನ್ನು ಹೆಗಲಿಗೇರಿಸಿದಾಗ ನನ್ನ ಹಾದಿ ಗುಜರಿಯದೇ ಎಂದುಕೊಂಡೆ. ಅವನು ಹೋದದ್ದು ಹುಣಸೆಮರದ ತಿರುವಿಗೆ. ಮರಕ್ಕೆ ಒರಗಿಸಿ, ಹ್ಯಾಂಡಲಿಗೆ ಒಂದು ಕೆಂಪು ಬಟ್ಟೆ ಕಟ್ಟಿದ.

ಅದನ್ನು ಕಂಡು ಲಾರಿಗಳು ಇಲ್ಲಿ ವೇಗ ತಗ್ಗಿಸುತ್ತವೆ. ಪುಟ್ಟಮಾದಮ್ಮ ಈಗಿಲ್ಲ, ಅವಳ ಸೊಸೆ ಹುರುಳಿ ಹಾಸುತ್ತಾಳೆ, ಹಾಸುವ ಮೊದಲು ಅಂಚು ಗುಡಿಸುತ್ತಾಳೆ. ನಿಂತರೆ ಯಾರಾದರೂ ಹಿಡಿದುಕೊಳ್ಳಬೇಕು ಎಂಬ ನನ್ನ ನಿಯಮ ಪೂರ್ಣವಾಗಿ ಸರಿಯಲ್ಲವೆಂದು ನನಗೀಗ ತಿಳಿದಿದೆ. ಬೆಳಿಗ್ಗೆ ತಿರುವಿನಾಚೆ ಹೊಸ ಸೈಕಲ್ಲಿನ ಗಂಟೆ ಕೇಳಿಸುತ್ತದೆ. ಚಿಕ್ಕತಾಯಮ್ಮ ಗುಡಿಸಿದ ಅಂಚಿನ ಮೇಲೆ, ಬ್ರೇಕ್ ಹಿಡಿಯದೆ, ಹಾದುಹೋಗುತ್ತಾಳೆ.