ಸಂಘದ ಬೇಲಿ

ಇಂಡಿ ಊರಿನ ಸ್ಟೇಶನ್ ರಸ್ತೆಯ ಬದಿಗೆ ಶಿಕ್ಷಕರ ಗೃಹ ಸಂಘದ ಇಪ್ಪತ್ತೆಂಟು ಮನೆಗಳು ಎದ್ದಾಗ ಊರ ಜನ ಸಂಜೆ ಹೊತ್ತು ಅವನ್ನು ನೋಡಲೆಂದೇ ಬರುತ್ತಿದ್ದರು. ಅದು ಅರವತ್ತೊಂದನೆಯ ಇಸವಿ. ಗೋಡೆಗೆ ಗೋಡೆ ಹತ್ತಿದ ಮಾಳಿಗೆಮನೆಗಳಲ್ಲಿ ಬೆಳೆದವರಿಗೆ ಇದೊಂದು ಸೋಜಿಗ. ಎರಡೇ ಓಣಿ, ಓಣಿಗೆ ಹದಿನಾಲ್ಕು ಮನೆ. ಮೂಡಣ ಓಣಿಯ ಹಿತ್ತಿಲುಗಳಿಗೆ ಪಡುವಣ ಓಣಿಯ ಹಿತ್ತಿಲುಗಳು ಬೆನ್ನು ಹಚ್ಚಿ ಕೂತಿದ್ದವು. ಎಲ್ಲ ಮನೆಗೂ ಒಂದೇ ಅಳತೆ, ಒಂದೇ ಹಸಿರು ಬಾಗಿಲು. ರಜೆಗೆ ಬಂದ ಮಕ್ಕಳು ತಮ್ಮ ಮನೆ ಯಾವುದೆಂದು ತಿಳಿಯದೆ ಮಂದಿಯ ಮನೆಗೆ ಹೊಕ್ಕದ್ದೂ ಉಂಟು.

ಮೂಡಣ ಓಣಿಯ ನಟ್ಟನಡುವಿನ ಮನೆ ಯಾಕೂಬಸಾಬ ಮಾಸ್ತರರದು. ಅವರೇ ಸಂಘದ ಸೆಕ್ರೆಟರಿ. ಆ ಕೆಲಸ ಅವರಿಗೆ ಬಂದದ್ದು ಅವರ ಅಕ್ಷರದ ದೆಸೆಯಿಂದ. ಕಾಗದದ ಮೇಲೆ ಅವರು ಬರೆದದ್ದು ಅಚ್ಚು ಹಾಕಿದಂತೆ ಕಾಣುತ್ತಿತ್ತು, ಓದಿದರೆ ಯಾರೂ ಎದುರು ಮಾತಾಡಲು ಅಂಜುವಂತಿರುತ್ತಿತ್ತು.

ಮೊದಲ ವರ್ಷ ಹಿತ್ತಿಲುಗಳ ನಡುವೆ ಇದ್ದದ್ದು ಬರೀ ಗಡಿಕಲ್ಲು. ಮಳೆಗಾಲ ಮುಗಿಯುವುದರೊಳಗೆ ಆ ಕಲ್ಲುಗಳಿಗೆ ಕಾಲು ಬಂದವು. ಒಬ್ಬರು ಜಾಲಿಮುಳ್ಳು ಹಚ್ಚುವಾಗ ಒಂದು ಮೊಳ ಆಚೆಗೆ ಹಚ್ಚಿದರು. ಪಕ್ಕದವರು ಅದನ್ನು ಕಿತ್ತು ಎರಡು ಮೊಳ ಈಚೆಗೆ ತಂದರು. ಕಡೆಗೆ ಇಬ್ಬರು ಮಾಸ್ತರರು ತಮ್ಮ ಶಾಲೆಯ ಮಕ್ಕಳ ಕಣ್ಣೆದುರೇ ಬಡಿಗೆ ಹಿಡಿದು ನಿಂತಾಗ ಸಂಘ ನಾಚಿಕೊಂಡಿತು. ಎಲ್ಲ ಕಡೆ ಸಾಲಾಗಿ ಕಲ್ಲುಕಂಬ ನಿಂತವು. ಎದೆಮಟ್ಟ ಐದು ಸಾಲು ಮುಳ್ಳುತಂತಿ ಬಿಗಿದದ್ದಾಯಿತು. ನಿಯಮ ಬರೆಯಲು ಯಾಕೂಬಸಾಬರಿಗೆ ಹೇಳಿದರು. ಅವರು ಎರಡು ದಿನ ಕೂತು ಬರೆದರು: ‘ಎಲ್ಲ ಬೇಲಿಗಳೂ ಸಂಘದ ಸ್ವತ್ತು. ಯಾವ ಸದಸ್ಯನೂ ಬೇಲಿಯನ್ನು ಸರಿಸಕೂಡದು, ಎತ್ತರಿಸಕೂಡದು, ಕತ್ತರಿಸಕೂಡದು. ಬದಲಾವಣೆ ಬೇಕಾದಲ್ಲಿ ಸಭೆಗೆ ಬಂದವರ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಆ ಬೇಲಿಯ ಎರಡೂ ಕಡೆಯ ಮನೆಯವರಿಗೆ ಮತವಿಲ್ಲ.’ ನೆರೆಯವರಿಬ್ಬರು ಒಳಗೊಳಗೇ ಕೂಡಿಕೊಂಡು ಏನಾದರೂ ಮಾಡಿಯಾರೆಂದು ಕಡೆಯ ಸಾಲನ್ನು ಸೇರಿಸಿದ್ದರು. ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು.

ಅವರ ಹಿತ್ತಿಲ ಬೇಲಿಯ ಆಚೆ ಶಂಕರೆಪ್ಪ ಮಾಸ್ತರರ ಮನೆ. ಇಬ್ಬರೂ ಒಂದೇ ಶಾಲೆಯವರು, ಕೂಡಿಯೇ ಹೋಗಿ ಕೂಡಿಯೇ ಬರುವವರು. ಶಂಕರೆಪ್ಪನ ಹೆಂಡತಿ ಹನಮವ್ವನಿಗೆ ಎಡಗಾಲು ಸಣ್ಣಂದಿನಿಂದ ಸೊಟ್ಟ. ಪಡುವಣ ಓಣಿಗೆಂದು ತೋಡಿದ ಬಾವಿಯ ನೀರು ಸವಳಾಗಿಬಿಟ್ಟಿತ್ತು. ಸಿಹಿನೀರಿನ ಬಾವಿ ಇದ್ದದ್ದು ಮೂಡಣ ಓಣಿಯಲ್ಲಿ, ಯಾಕೂಬಸಾಬರ ಮನೆಯ ಎದುರಿಗೇ. ಹನಮವ್ವ ನೀರಿಗೆ ಬರಬೇಕೆಂದರೆ ತನ್ನ ಓಣಿಯಲ್ಲಿ ಏಳು ಮನೆ ದಾಟಿ, ತಿರುವು ಸುತ್ತಿ, ಈ ಓಣಿಯಲ್ಲಿ ಮತ್ತೆ ಏಳು ಮನೆ ನಡೆಯಬೇಕು. ತುಂಬಿದ ಕೊಡ ಹೊತ್ತು ಅಷ್ಟೇ ದೂರ ತಿರುಗಿ ಹೋಗಬೇಕು.

ಯಾಕೂಬಸಾಬರ ಹೆಂಡತಿ ಜನ್ನತಬಿ ಒಂದು ವಾರ ಇದನ್ನು ನೋಡಿದಳು.

"ಕೇಳ್ರಿಲ್ಲೆ," ಅಂದಳು. "ಆ ಹುಡಿಗಿ ಮೂರ ಮನಿಗೊಮ್ಮೆ ಕಟ್ಟಿ ಮ್ಯಾಲೆ ಕುಂತು ಕಾಲು ತಿಕ್ಕೊಂತಾಳ. ನಮ್ಮ ಹಿತ್ತಲದಾಗ ಹಾದ್ರ ಬಾವಿ ಐವತ್ತು ಹೆಜ್ಜಿ ಆಗೂದಿಲ್ಲ. ಒಂದೀಟು ತಂತಿ ತಗದ್ರ ಏನ ಮುಳಗತೈತಿ?"

"ಅದು ಸಂಘದ್ದೈತಿ."

"ಸಂಘ ಅಂದ್ರ ಯಾರ್ರಿ? ನೀವ ಅಲ್ಲೇನು?"

ಮುಂದಿನ ಸಭೆಯಲ್ಲಿ ಕೇಳಿದರಾಯಿತೆಂದು ಅವರು ಒಪ್ಪಿದರು. ಶಂಕರೆಪ್ಪ ಇಕ್ಕಳ ತಂದ. ಎರಡು ಕಂಬಗಳ ನಡುವಿನ ಐದೂ ತಂತಿ ಕಡಿದು, ಹತ್ತಿಕಟ್ಟಿಗೆಯ ಒಂದು ತಟ್ಟಿ ಹೆಣೆದು ಬಾಗಿಲು ಮಾಡಿದರು. ಮುಂದಿನ ಸಭೆಯಲ್ಲಿ ಬೇರೆ ವಿಷಯ ಬಂತು, ಅದರ ಮುಂದಿನದರಲ್ಲಿ ಮತ್ತೊಂದು. ಎರಡು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ತಟ್ಟಿಯ ಆಚೀಚೆ ನೀರಿನ ಕೊಡವೊಂದೇ ಅಲ್ಲ, ಮೊಸರು, ಹೆಪ್ಪು, ಹಬ್ಬದ ಹೋಳಿಗೆ, ಈದಿನ ಶೀರಖುರ್ಮಾ ಎಲ್ಲವೂ ಓಡಾಡತೊಡಗಿದವು. ಹನಮವ್ವ ಜನ್ನತಬಿಯನ್ನು ‘ಅಕ್ಕಾರ’ ಎನ್ನುತ್ತಿದ್ದಳು. ಮಕ್ಕಳಿಲ್ಲದ ಜನ್ನತಬಿಗೆ ತಂಗಿಯೋ ಮಗಳೋ ತಿಳಿಯದ ಒಂದು ಜೀವ ಸಿಕ್ಕಿತ್ತು.

ಓಣಿಯ ಕಡೆಯ ಮನೆಯನ್ನು ಒಬ್ಬ ಮಾಸ್ತರರು ವರ್ಗವಾಗಿ ಹೋಗುವಾಗ ಎಣ್ಣೆ ಅಂಗಡಿಯ ಬಾಬುಲಾಲನಿಗೆ ಮಾರಿದರು. ಬಾಬುಲಾಲ ನಗುಮುಖದ ಮನುಷ್ಯ, ಯಾರೊಡನೆಯೂ ಗಟ್ಟಿಯಾಗಿ ಮಾತಾಡಿದವನಲ್ಲ. ಎಮ್ಮೆ ಕಟ್ಟಲು ಹಿತ್ತಿಲು ಸಾಲದೆಂದು ಅವನು ತನ್ನ ಬೇಲಿಯನ್ನು ಕಂಬಸಮೇತ ಮೂರು ಅಡಿ ಓಣಿಯ ತಿರುವಿಗೆ ಸರಿಸಿದ. ಗಾಡಿ ತಿರುಗದಾಯಿತು. ಚೇರಮನ್ ಪರಸಪ್ಪನವರು ನೋಟೀಸು ಕೊಡಲು ಹೇಳಿದರು, ಯಾಕೂಬಸಾಬರು ಬರೆದರು.

ಮರುದಿನ ಬಾಬುಲಾಲ ನೋಟೀಸು ಹಿಡಿದುಕೊಂಡು ತಾನೇ ಬಂದ. ಚಹ ಕುಡಿದ.

"ಅಕ್ಷರ ಮುತ್ತಿನಂಗ ಅದಾವ್ರಿ ಮಾಸ್ತರ. ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಸಂಘದ ತಂತಿ ನಾ ಸರಿಸೇನಿ, ನೀವು ಕಡದೀರಿ. ಯಾವುದು ದೊಡ್ಡ ತಪ್ಪ್ರಿ?"

ಯಾಕೂಬಸಾಬರು ಚಹದ ಬಟ್ಟಲು ಕೆಳಗಿಟ್ಟರು. "ಅದು ಆ ಹೆಣಮಗಳ ಕಾಲಿನ ಸಲುವಾಗಿ..."

"ಗೊತ್ತೈತ್ರಿ. ನಂದು ಎಮ್ಮಿ ಸಲುವಾಗಿ. ಕಲಮಿನಾಗ ಕಾಲು ಅಂತಾನೂ ಇಲ್ಲ, ಎಮ್ಮಿ ಅಂತಾನೂ ಇಲ್ಲ." ಹೀಗೆಂದು ಕೈಮುಗಿದು ಹೋದ.

ಪರಸಪ್ಪನವರು ತಲೆಗೆ ಕೈ ಹಚ್ಚಿ ಕೂತರು. "ನನಗೂ ಹೊಟ್ಟಿ ಉರೀತೈತಿ ಯಾಕೂಬಸಾಬ. ಆದ್ರ ಅವಗೊಂದು ನ್ಯಾಯ ನಿಮಗೊಂದು ನ್ಯಾಯ ಮಾಡಾಕ ಬರೂದಿಲ್ಲ. ಸಭಾ ಕರೀರಿ, ಒಪ್ಪಿಗಿ ತಗೋರಿ. ಯಾರು ಬ್ಯಾಡ ಅಂತಾರು?"

ಯಾರೂ ಬೇಡವೆನ್ನಲಿಲ್ಲ. ಯಾಕೂಬಸಾಬರು ಮನೆಮನೆಗೆ ಹೋಗಿ ಕೇಳಿದಾಗ ಎಲ್ಲರೂ "ಇದನ್ನೂ ಕೇಳ್ಬೇಕೇನ್ರಿ?" ಎಂದೇ ಹೇಳಿದರು. ರವಿವಾರ ಶಾಲೆಯ ದೊಡ್ಡ ಕೋಣೆಯಲ್ಲಿ ಇಪ್ಪತ್ತೊಂದು ಮಂದಿ ಸೇರಿದರು. ಹದಿನಾಲ್ಕು ಕೈ ಏಳಬೇಕಿತ್ತು. ಯಾಕೂಬಸಾಬರು ತಮ್ಮ ಅರ್ಜಿಯನ್ನು ತಾವೇ ಓದಿದರು. ಕೈ ಎತ್ತಿಸುವ ಮುನ್ನ ಬಾಬುಲಾಲ ಎದ್ದು ನಿಂತ.

"ಕೊಡ್ರಿ, ಧಾರಾಳ ಕೊಡ್ರಿ. ನಾನೂ ಕೈ ಎತ್ತತೇನಿ. ಮುಂದಿನ ಅರ್ಜಿ ನಂದು. ನನ್ನ ಹಿಂದ ಯಾರ್ಯಾರದು ಐತೋ ಅವರೂ ಬರಕೊಡ್ರಿ."

ಕೋಣೆಯಲ್ಲಿ ಒಂದು ಗುಜುಗುಜು ಎದ್ದಿತು. ಬಡಿಗೆ ಹಿಡಿದಿದ್ದ ಆ ಇಬ್ಬರು ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಬೇಲಿ ಸಡಿಲಾದರೆ ತಮ್ಮ ಬೇಲಿಯ ಗತಿಯೇನೆಂದು ಎಲ್ಲರ ಕಣ್ಣಲ್ಲೂ ಲೆಕ್ಕ ಓಡಿತು. ಯಾಕೂಬಸಾಬರು ಎದ್ದ ಕೈಗಳನ್ನು ಎಡದಿಂದ ಎಣಿಸಿದರು. ನಂಬಿಕೆ ಬಾರದೆ ಬಲದಿಂದ ಎಣಿಸಿದರು. ಬಾಬುಲಾಲನ ಕೈಯೂ ಸೇರಿ ಹನ್ನೆರಡು.

ಬೇಕಾದ ಇನ್ನೆರಡು ಕೈ ಆ ಕೋಣೆಯಲ್ಲೇ ಇದ್ದವು, ಆದರೆ ಅವಕ್ಕೆ ಮತವಿರಲಿಲ್ಲ. ಒಂದು ಪೆನ್ನು ಹಿಡಿದಿತ್ತು. ಇನ್ನೊಂದು ಶಂಕರೆಪ್ಪನದು, ಅದು ಅವನ ತೊಡೆಯ ಮೇಲಿತ್ತು. ಶಂಕರೆಪ್ಪ ಅವರನ್ನು ನೋಡಿದ. ಯಾಕೂಬಸಾಬರು ತಲೆ ತಗ್ಗಿಸಿ ‘ಅರ್ಜಿ ನಾಮಂಜೂರು’ ಎಂದು ಬರೆದರು. ಅಕ್ಷರ ಎಂದಿನಂತೆ ದುಂಡಗೇ ಬಂತು.

ಬುಧವಾರ ಬೇಲಿ ಕಟ್ಟುವ ಭೀಮಶ್ಯಾ ಹೊಸ ತಂತಿಯ ಸುರುಳಿ ತಂದ. ಕೆಲಸ ಮುಗಿದದ್ದನ್ನು ಸೆಕ್ರೆಟರಿ ಕಣ್ಣಾರೆ ನೋಡಿ ಸಹಿ ಮಾಡಬೇಕೆಂಬುದು ಪದ್ಧತಿ. ಯಾಕೂಬಸಾಬರು ಹಿತ್ತಿಲಲ್ಲಿ ನಿಂತರು. ತಟ್ಟಿ ಕಿತ್ತದ್ದಾಯಿತು. ಮೇಲಿನ ಮೂರು ತಂತಿ ಬಿಗಿದು, ನಾಲ್ಕನೆಯದಕ್ಕೆ ಬಂದಾಗ ಭೀಮಶ್ಯಾ ದನಿ ತಗ್ಗಿಸಿದ.

"ಮಾಸ್ತರ, ಕೆಳಗಿನ ಎರಡು ಬರೇ ಸಿಗಿಸಿ ಬಿಡ್ಲೇನ್ರಿ? ಬೇಕಾದಾಗ ಆ ತಾಯಿ ಎತ್ತಿ ಹಾದು ಬರ್ಲಿ. ಮ್ಯಾಲಿಂದ ನೋಡಿದ್ರ ಯಾರಿಗೂ ತಿಳಿಯೂದಿಲ್ಲ."

ಅವರಿಗೆ ಆಸೆಯಾಯಿತು. ಆಗಲಿ ಎಂಬ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಓಣಿಯ ಕಡೆಯಿಂದ ಯಾರೋ ಕೆಮ್ಮಿದರು. ಬಾಬುಲಾಲನೋ ಬೇರೆ ಯಾರೋ, ಯಾಕೂಬಸಾಬರು ತಿರುಗಿ ನೋಡಲೂ ಇಲ್ಲ.

"ಬಿಗಿ," ಅಂದರು.

ಆಚೆ ಹನಮವ್ವ ತನ್ನ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಅವಳು ಕೇಳಿಸಿಕೊಂಡಳು.

ಮೊದಮೊದಲು ಜನ್ನತಬಿ ತಂತಿಯ ಮೇಲಿಂದ ಕೊಡ ಎತ್ತಿ ಕೊಡುತ್ತಿದ್ದಳು. ಮುಳ್ಳು ತಾಗಿ ಮೊಳಕೈ ತುಂಬ ಗೀರು ಬಿದ್ದವು. ನಾಲ್ಕನೆಯ ದಿನ ಹನಮವ್ವ ಕೈ ಚಾಚಲಿಲ್ಲ.

"ಬ್ಯಾಡ್ರಿ ಅಕ್ಕಾರ. ನಾಳೆ ಇದಕ್ಕೂ ಒಂದು ನೋಟೀಸ ಬಂದೀತು."

ಆಮೇಲೆ ಜನ್ನತಬಿ ತಾನೇ ಎರಡು ಕೊಡ ಹೊತ್ತು ಹದಿನಾಲ್ಕು ಮನೆ ಸುತ್ತಿ ಹೋಗಿ ಅವಳ ಕಟ್ಟೆಗೆ ಇಳಿಸಿ ಬರತೊಡಗಿದಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಒಂದು ಮುಂಜಾನೆ ಅವರೇ ಕೊಡಕ್ಕೆ ಕೈ ಹಾಕಿದಾಗ ಅವಳು ಬಿಡಿಸಿಕೊಂಡಳು. "ನಿಮ್ಮ ಸಾಲಿಗಿ ಹೊತ್ತಾಗತೈತಿ, ಹೋಗ್ರಿ."

ಶಾಲೆಗೆ ಈಗ ಅವರು ಒಬ್ಬರೇ ಹೋಗುತ್ತಿದ್ದರು. ಶಂಕರೆಪ್ಪ ಅರ್ಧ ತಾಸು ಮೊದಲೇ ಹೊರಟುಬಿಡುತ್ತಿದ್ದ. ಎದುರು ಸಿಕ್ಕಾಗ ನಮಸ್ಕಾರ ಇತ್ತು, ಮಾತಿರಲಿಲ್ಲ. ಯಾಕೂಬಸಾಬರು ರಾಜೀನಾಮೆ ಬರೆದು ಪರಸಪ್ಪನವರಿಗೆ ಒಯ್ದರು. ಅವರು ಅದನ್ನು ಓದಿ, ಮಡಿಚಿ ಮರಳಿ ಕೈಗಿತ್ತರು. "ಇದನ್ನ ಇಷ್ಟು ಚಂದ ಬರದೀರಿ. ನಿಮ್ಮನ್ನ ಬಿಟ್ರ ಯಾರು ಬರೀತಾರ್ರಿ? ಸುಮ್ಮನಿರ್ರಿ."

ಇತ್ತ ಬಾಬುಲಾಲ ತನಗೆ ಬಂದ ನೋಟೀಸಿಗೆ ಕೋರ್ಟಿನಿಂದ ತಡೆ ತಂದ. ಅವನ ಬೇಲಿ ಸರಿಸಿದಲ್ಲೇ ಉಳಿಯಿತು. ಎಮ್ಮೆ ಈದಾಗ ಓಣಿಗೆಲ್ಲ ಗಿಣ್ಣು ಹಂಚಿದ. ಒಂದು ಬಟ್ಟಲು ಯಾಕೂಬಸಾಬರ ಮನೆಗೂ ಬಂತು. ಜನ್ನತಬಿ ಅದನ್ನು ಮುಟ್ಟಲಿಲ್ಲ, ಚೆಲ್ಲಲೂ ಇಲ್ಲ. ಸಂಜೆಯವರೆಗೆ ಅದು ಹೊಸ್ತಿಲ ಬಳಿಯೇ ಇತ್ತು.

ಬೇಸಿಗೆ ರಜೆಯಲ್ಲಿ ಶಂಕರೆಪ್ಪ ಕೇಳಿಕೊಂಡು ಕೊಲ್ಹಾರಕ್ಕೆ ವರ್ಗ ಮಾಡಿಸಿಕೊಂಡ ಸುದ್ದಿ ಬಂತು. ಅಲ್ಲಿ ಮನೆಯ ಬಾಗಿಲಲ್ಲೇ ನೀರು ಇದೆಯೆಂದು ಯಾರೋ ಹೇಳಿದರು. ಲಾರಿ ಹತ್ತು ಗಂಟೆಗೆ ಬರುವುದಿತ್ತು. ಜನ್ನತಬಿ ಹಿಂದಿನ ದಿನವೇ ಹನಮವ್ವನ ಉಡಿ ತುಂಬಲೆಂದು ಕುಪ್ಪಸದ ಬಟ್ಟೆ, ಕೊಬ್ಬರಿಬಟ್ಟಲು, ಅಕ್ಕಿ, ಅಡಿಕೆ ಗಂಟು ಕಟ್ಟಿಟ್ಟಿದ್ದಳು. ಮುಂಜಾನೆ ಎದ್ದು ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದಾಗ ಆಚೆ ಓಣಿಯಲ್ಲಿ ಇಂಜಿನ್ನಿನ ಸದ್ದಾಯಿತು. ಎಂಟೂ ಆಗಿರಲಿಲ್ಲ.

ಯಾಕೂಬಸಾಬರು ಹಿತ್ತಿಲಿಗೆ ಓಡಿದರು. ಶಂಕರೆಪ್ಪನ ಮನೆಯ ಹಿಂದಿನ ಮುಂದಿನ ಬಾಗಿಲು ಎರಡೂ ತೆರೆದಿದ್ದವು. ಖಾಲಿ ಮನೆಯ ಮೂಲಕ ಓಣಿಯವರೆಗೆ ಕಾಣುತ್ತಿತ್ತು. ಲಾರಿ ಯಾವಾಗಲೋ ಬಂದು ಸಾಮಾನು ಏರಿಸಿಯಾಗಿತ್ತು. ಹನಮವ್ವನನ್ನು ಡ್ರೈವರನ ಪಕ್ಕಕ್ಕೆ ಎತ್ತಿ ಕೂರಿಸುತ್ತಿದ್ದರು.

"ಅವರು ಹೊಂಟಾರ!" ಎಂದು ಕೂಗಿದರು. "ಇಲ್ಲೆ ಕೊಡು, ತಂತಿ ಮ್ಯಾಲಿಂದ ಕೊಡೂಣು, ನಾ ಕರೀತೇನಿ."

"ಉಡಿ ಅಂಬೂದು ತಂತಿ ಮ್ಯಾಲಿಂದ ತುಂಬತಾರೇನ್ರಿ?" ಎಂದು ಜನ್ನತಬಿ ಸೆರಗು ಸರಿಮಾಡಿಕೊಂಡು, ಗಂಟು ಎತ್ತಿಕೊಂಡು ಮುಂಬಾಗಿಲಿಂದ ಓಡಿದಳು.

ಏಳು ಮನೆ, ತಿರುವು, ಏಳು ಮನೆ. ಐವತ್ತು ದಾಟಿದ ಹೆಂಗಸು. ಯಾಕೂಬಸಾಬರು ತಂತಿಯ ಬಳಿ ನಿಂತು ಅವಳು ಎಲ್ಲಿಗೆ ಬಂದಿರಬಹುದೆಂದು ಮನಸ್ಸಿನಲ್ಲೇ ಮನೆಗಳನ್ನು ಎಣಿಸಿದರು. ಅವಳು ಇನ್ನೂ ತಿರುವಿನಲ್ಲಿರುವಾಗಲೇ ಲಾರಿ ಗುರುಗುಟ್ಟಿ ಓಣಿಯ ಇನ್ನೊಂದು ತುದಿಯ ಕಡೆಗೆ ಅಲುಗಿತು.

"ಶಂಕರೆಪ್ಪಾ! ಒಂದೀಟ ನಿಂದರ್ರಿ, ಆಕಿ ಬರಾಕತ್ತಾಳ! ಶಂಕರೆಪ್ಪಾ!"

ಕೈ ಬೀಸಿ ಕೂಗಿದರು. ತರಗತಿಯಲ್ಲಿಯೂ ಅವರು ಇಷ್ಟು ದೊಡ್ಡ ದನಿ ತೆಗೆದವರಲ್ಲ. ಲಾರಿಯ ಹಿಂದುಗಡೆ ಸಾಮಾನಿನ ನಡುವೆ ನಿಂತಿದ್ದ ಶಂಕರೆಪ್ಪ ಒಮ್ಮೆ ಇತ್ತ ಹೊರಳಿ ನೋಡಿದ. ಕೇಳಿಸಿತೋ, ಕೈ ಮಾಡಿ ಕಳಿಸಿಕೊಡುತ್ತಿದ್ದಾರೆ ಎಂದುಕೊಂಡನೋ, ಅವನೂ ಕೈ ಎತ್ತಿದ. ಬಾಗಿಲ ಚೌಕಟ್ಟಿನಲ್ಲಿ ಲಾರಿ ಕಂಡಷ್ಟು ಹೊತ್ತು ಕಂಡಿತು, ಆಮೇಲೆ ಧೂಳಷ್ಟೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಅದೇ ಬಾಗಿಲಲ್ಲಿ ಜನ್ನತಬಿ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು. ಖಾಲಿ ಮನೆಯೊಳಗೆ ಹಾದು, ಹಿತ್ತಿಲಿಗೆ ಇಳಿದು, ತಂತಿಯ ಆಚೆ ಗಂಡನ ಎದುರಿಗೆ ಬಂದಳು. ಗಂಟು ಕೈಯಲ್ಲೇ ಇತ್ತು.

"ಹೋದ್ರೇನ್ರಿ?"

"ಹೋದ್ರು."

ಅವಳು ಅಲ್ಲೇ ಕಲ್ಲುಕಂಬಕ್ಕೆ ಒರಗಿ ನೆಲಕ್ಕೆ ಕೂತಳು. ಅವರೂ ಈಚೆ ಕೂತರು. ಒಲೆಯ ಮೇಲಿನ ಹಂಚಿನಲ್ಲಿ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಇಬ್ಬರಿಗೂ ಏಳಲಾಗಲಿಲ್ಲ.