ಹಾಡು ಮುಗಿದ ಮೇಲಿನ ಸುತ್ತು

ನನ್ನ ಕೆಲಸ ಕೇಳುವುದು. ನಮ್ಮ ರೆಕಾರ್ಡ್ ಕಾರ್ಖಾನೆಯಲ್ಲಿ ಪ್ರತಿ ಹೊಸ ಅಚ್ಚಿನಿಂದ ಮೊದಲು ಐದು ಮಾದರಿ ಪ್ಲೇಟುಗಳನ್ನು ತೆಗೆಯುತ್ತಾರೆ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂತು ಅವನ್ನು ಕೇಳಿ, ಎಲ್ಲಿ ಚಟಪಟ, ಎಲ್ಲಿ ಕರಕರ ಎಂದು ಚೀಟಿಯಲ್ಲಿ ಬರೆಯುತ್ತೇನೆ. ದೋಷವಿಲ್ಲದಿದ್ದರೆ ಸಹಿ. ಆ ಸಹಿ ಬಿದ್ದ ಮೇಲೆಯೇ ಯಂತ್ರ ಓಡುವುದು. ಹದಿಮೂರು ವರ್ಷಗಳಲ್ಲಿ ನಾನು ಒಪ್ಪಿದ ಒಂದು ರೆಕಾರ್ಡೂ ದೂರಿನೊಂದಿಗೆ ವಾಪಸು ಬಂದಿಲ್ಲ. ಇದು ಜಾಣತನವಲ್ಲ, ಭಯ. ಬೀಗ ಹಾಕಿ ಮೂರು ಸಲ ಎಳೆದು ನೋಡುವ ಪೈಕಿ ನಾನು.

ಆ ಶುಕ್ರವಾರ ಸಹಿ ಹಾಕಿದ್ದು ಐವತ್ತು ವರ್ಷ ಹಳೆಯ ರಾಕ್ ಆಲ್ಬಮ್ಮೊಂದರ ಡೀಲಕ್ಸ್ ಆವೃತ್ತಿಗೆ. ದಪ್ಪ ವಿನೈಲ್, ಬಟ್ಟೆ ಸುತ್ತಿದ ಪೆಟ್ಟಿಗೆ, ನಲವತ್ತು ಪುಟಗಳ ಫೋಟೋ ಪುಸ್ತಕ. ಮೂರು ಸಾವಿರ ಪ್ರತಿ. ತಂಡದ ನಾಲ್ವರಲ್ಲಿ ಡ್ರಮ್ ಬಾರಿಸುತ್ತಿದ್ದವನು ತೀರಿಕೊಂಡು ಬಹಳ ಕಾಲವಾಗಿತ್ತು. ಪೆಟ್ಟಿಗೆಯ ಒಳಮುಚ್ಚಳದ ಮೇಲೆ ಅವನ ಚಿತ್ರ.

ಮಾದರಿಗಳಲ್ಲಿ ಒಂದನ್ನು ಮನೆಗೆ ಒಯ್ಯಲು ನನಗೆ ಅನುಮತಿಯಿದೆ. ಭಾನುವಾರ ಮಧ್ಯಾಹ್ನ ಅದನ್ನು ಅತ್ತೆಗೆಂದು ಹಾಕಿದೆ. ಕಾಲೇಜಿನ ದಿನಗಳಲ್ಲಿ ಈ ಆಲ್ಬಮ್ಮನ್ನು ಸವೆಯುವಷ್ಟು ಕೇಳಿದವರು ಅವರು.

"ಸೌಂಡ್ ಜಾಸ್ತಿ ಮಾಡೇ. ರಾಕ್ ಕೇಳೋಕೆ ಕೂತಿದೀವಾ, ಜೋಗುಳ ಕೇಳೋಕಾ?"

"ಪಕ್ಕದ ಮನೆಯವರು ಎದ್ದು ಬರ್ತಾರೆ ಅತ್ತೆ."

"ಬರ್ಲಿ ಬಿಡು, ಕುರ್ಚಿ ಇದೆ."

ಎರಡನೇ ಬದಿಯ ಕೊನೆಯ ಹಾಡು ಮುಗಿಯಿತು. ಎಂದಿನಂತೆ ಪ್ಲೇಯರಿನ ಮುಳ್ಳು ಎತ್ತಲು ಕೈ ಚಾಚಿದೆ. ಅತ್ತೆ ಮಣಿಕಟ್ಟು ಹಿಡಿದರು.

"ತಾಳು. ಅವನಿನ್ನೂ ಕೇಳಿಲ್ಲ."

"ಯಾರು? ಏನು ಕೇಳ್ಬೇಕು?"

"ಡ್ರಮ್ಮಿನವನು ಕಣೇ. ಎಲ್ಲಾ ಮುಗಿದ್ಮೇಲೆ ಕೋಲು ಕೆಳಗಿಟ್ಟು 'ಸಾಕಾ?' ಅಂತಾನಲ್ಲ. ಮುಳ್ಳು ಎತ್ತೋವರೆಗೂ ಕೇಳ್ತಾನೇ ಇರ್ತಾನೆ. ನಮ್ಮಪ್ಪ ಆಚೆ ರೂಮಿಂದ 'ಸಾಕಪ್ಪಾ ಸಾಕು' ಅಂತ ಕೂಗೋರು."

ಯಾವುದೇ ರೆಕಾರ್ಡಿನ ಕೊನೆಯ ಗೆರೆ ಒಂದು ಮುಚ್ಚಿದ ವೃತ್ತ. ಹಾಡು ಮುಗಿದ ಮೇಲೆ ಮುಳ್ಳು ಅದರೊಳಗೆ ಬಿದ್ದು ಸುಮ್ಮನೆ ಸುತ್ತುತ್ತಿರುತ್ತದೆ. ಸಾಮಾನ್ಯವಾಗಿ ಅಲ್ಲಿ ಸದ್ದು ಇರುವುದಿಲ್ಲ. ಹಳೆಯ ರೆಕಾರ್ಡಿನಲ್ಲಿ ಅವನ ಮಾತನ್ನು ಆ ವೃತ್ತದಲ್ಲೇ ಕೂರಿಸಿದ್ದರು. ನಮ್ಮದರಲ್ಲಿ ಬರೀ ಸುಯ್ ಸುಯ್.

"ಸತ್ತ ಮೇಲೆ ಬಾಯಿ ಮುಚ್ಚಿಸಿಬಿಟ್ರಾ, ಪಾಪ," ಎಂದರು ಅತ್ತೆ.

ಪರೀಕ್ಷೆಯ ಮುಳ್ಳು ದುಬಾರಿ. ಅದು ವೃಥಾ ಸವೆಯಬಾರದೆಂದು ಕೊನೆಯ ಹಾಡು ಮುಗಿದ ಕ್ಷಣವೇ ಎತ್ತಿಬಿಡುತ್ತೇನೆ. ಹೋಲಿಸಿ ನೋಡಲು ಕೊಡುವ ಹಳೆಯ ರೆಕಾರ್ಡಿನಲ್ಲೂ ಅಷ್ಟೇ. ಹದಿಮೂರು ವರ್ಷಗಳಿಂದ ಹಾಗೆಯೇ. ಇದನ್ನು ಹೇಳಿದರೆ ನನ್ನ ಕಿವಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹೇಳದಿದ್ದರೆ ಮೂರು ಸಾವಿರ ಪೆಟ್ಟಿಗೆಗಳಿಂದ ಅವನು ಹೋಗುತ್ತಾನೆ.

"ನಾನಂತೂ ಯಾರ ಹತ್ರನೂ ಬಾಯಿ ಬಿಡಲ್ಲ," ಎಂದು ಅತ್ತೆ ಧೈರ್ಯ ಹೇಳಿದರು. ಅದರಿಂದ ನನಗೆ ಇನ್ನಷ್ಟು ಹಿಂಸೆಯಾಯಿತು. ಸಂಜೆ ಯಂತ್ರ ನಡೆಸುವವರ ನಂಬರನ್ನು ಮೂರು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಹೋದಾಗ ಯಂತ್ರ ಆಗಲೇ ಓಡುತ್ತಿತ್ತು. ಅದನ್ನು ನಡೆಸುವವರನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಾರೆ. ಹಬೆಯ ಶಾಖದಲ್ಲಿ ವಿನೈಲನ್ನು ಮೆದುಮಾಡಿ ಒತ್ತುವುದು ಅವರ ಕೆಲಸ. ನೂರ ನಲವತ್ತು ಪ್ಲೇಟುಗಳು ಒತ್ತಿ ಮುಗಿದು ಕಂಬಿಗೆ ಏರಿದ್ದವು. "ನಿಲ್ಲಿಸಿ" ಎಂದೆ. ಆ ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ. ಹಬೆಯಣ್ಣ ನನ್ನತ್ತ ಒಮ್ಮೆ ನೋಡಿ ಕವಾಟ ತಿರುಗಿಸಿದರು.

"ಮ್ಯಾನೇಜರ್ ಆರ್ಡರ್ ಬೇಡ್ವಾ ಅಣ್ಣ?"

"ಶುರು ಮಾಡೋಕೆ ನಿಮ್ಮ ಸಹಿ ನಡೆಯತ್ತೆ ಅಂದ್ಮೇಲೆ, ನಿಲ್ಸೋಕೆ ನಿಮ್ಮ ಮುಖ ನಡೆಯಲ್ವೇನಮ್ಮಾ? ಹೋಗಿ, ಮೇಷ್ಟ್ರಿಗೆ ಹೇಳಿ."

ಕಾರಣ ಕೇಳಲೂ ಇಲ್ಲ. ಈಗಲೂ ಆ ಕವಾಟದ ಪಕ್ಕ ಹಾದುಹೋಗುವಾಗ ಅವರಿಗೊಂದು ನಮಸ್ಕಾರ ಹೇಳಿಕೊಳ್ಳುತ್ತೇನೆ, ಮನಸ್ಸಿನಲ್ಲೇ.

ಮೇಷ್ಟ್ರು ಎಂದರೆ ಮೂಲ ಟೇಪಿನ ಹಾಡನ್ನು ಅಚ್ಚಿನ ತಟ್ಟೆಗೆ ಗೆರೆಯಾಗಿ ಕೆತ್ತುವವರು. ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಮಾತು ಮುಗಿಯುವವರೆಗೆ ಕೂತಿದ್ದು, ಬೀರುವಿನಿಂದ ಟೇಪಿನ ಸುರುಳಿ ತೆಗೆದರು. ಸಂಗೀತ ಮುಗಿದಲ್ಲಿ ಬಿಳಿ ಪಟ್ಟಿ ಅಂಟಿಸಿತ್ತು. ಬಿಳಿ ಬಂತೆಂದರೆ ಮುಗಿಯಿತೆಂದು ಲೆಕ್ಕ. ಮೇಷ್ಟ್ರು ಅದನ್ನು ಕೈಯಿಂದಲೇ ಬಿಚ್ಚುತ್ತ ಹೋದರು. ಬಿಳಿಯ ಆಚೆ ಮತ್ತೆ ಕಂದು ಟೇಪು, ಒಂದೂವರೆ ಮೊಳ.

ಓಡಿಸಿದರು. ಕೋಲು ಕೆಳಗಿಟ್ಟ ಸದ್ದು, ಏದುಸಿರು, ನಗುವನ್ನು ತಡೆದುಕೊಂಡ ಹುಡುಗುದನಿ: "ಸಾಕಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬಿಳಿ ಕಂಡ ತಕ್ಷಣ ಕೈ ನಿಂತುಬಿಡತ್ತೆ ಕಣಮ್ಮ. ಗಾಣದ ಎತ್ತು ಆಗೋಗಿದೀನಿ."

ಮ್ಯಾನೇಜರು ಮಧ್ಯಾಹ್ನದೊಳಗೆ ಬರಹದಲ್ಲಿ ಕಾರಣ ಕೊಡಿ ಎಂದರು. 'ಕೊನೆಯ ಸುತ್ತು ಗಮನಕ್ಕೆ ಬಾರದೆ ಹೋಗಿರುತ್ತದೆ' ಎಂದು ಬರೆದೆ. ಓದಿದರೆ ತಪ್ಪೆಲ್ಲ ಆ ಸುತ್ತಿನದೇ ಎಂಬಂತಿತ್ತು. ಹರಿದೆ. ಅಂಥವೇ ಇನ್ನೂ ಮೂರು ಹರಿದ ಮೇಲೆ ಉಳಿದದ್ದು ಒಂದೇ ಸಾಲು: 'ನಾನು ಪೂರ್ತಿ ಕೇಳದೆ ಸಹಿ ಹಾಕಿದೆ.' ಮೇಷ್ಟ್ರು ಹಾಳೆಯನ್ನು ಎಳೆದುಕೊಂಡು ಕೆಳಗೆ ಪೆನ್ಸಿಲಿನಲ್ಲಿ ಬರೆದರು: 'ನಾನು ಪೂರ್ತಿ ಬಿಚ್ಚದೆ ಕೆತ್ತಿದೆ.'

ಮ್ಯಾನೇಜರು ಓದಿ ನನ್ನನ್ನು ನೋಡಿದರು. "ಹಾಗಾದ್ರೆ ಇಷ್ಟು ವರ್ಷದಲ್ಲಿ ಇನ್ನೆಷ್ಟು ಬಿಟ್ಟಿದೀರಿ?"

"ಕೊನೆ ಸುತ್ತು ಒಂದನ್ನೂ ಕೇಳಿಲ್ಲ ಸರ್."

"ಮುಂದಿನ ಮಾದರಿ ಯಾರು ಕೇಳೋದು ಮತ್ತೆ?"

"ಇವರೇ," ಎಂದರು ಮೇಷ್ಟ್ರು. "ಇನ್ಮೇಲೆ ಇವರು ಬಿಡ್ತಾರೆ ಅನ್ಕೊಂಡ್ರಾ? ಪ್ಲೇಟು ತೂತಾಗೋವರೆಗೂ ಕೇಳ್ತಾರೆ."

ಮ್ಯಾನೇಜರು ನಗಲಿಲ್ಲ. ಹಳೆಯ ಮಾದರಿಗಳನ್ನೆಲ್ಲ ತೆಗೆದು ಕೊನೆಯ ಸುತ್ತನ್ನು ಮೂಲ ಟೇಪಿನ ತುದಿಯೊಂದಿಗೆ ಹೋಲಿಸಿ ಕೇಳಿ, ಆಮೇಲೆ ಹೇಳುತ್ತೇನೆ ಎಂದರು. ಎರಡು ವಾರ ಕಪಾಟು ಖಾಲಿ ಮಾಡಿ ಕೇಳಿದೆ. ಎಲ್ಲವೂ ಬರಿಯ ಸುತ್ತುಗಳೇ, ಟೇಪುಗಳಲ್ಲೂ ಬಿಳಿಯ ಆಚೆ ಏನೂ ಇರಲಿಲ್ಲ. ಮೌನವನ್ನು ಅಷ್ಟು ಸಂತೋಷದಿಂದ ನಾನೆಂದೂ ಕೇಳಿರಲಿಲ್ಲ. ಆ ಪಟ್ಟಿ ನೋಡಿದ ಮ್ಯಾನೇಜರು ಹೊಸ ಮಾದರಿಯ ಚೀಟಿಯನ್ನು ನನ್ನ ಮೇಜಿಗೇ ಕಳಿಸಿದರು.

ಅಷ್ಟರಲ್ಲಿ ನೂರ ನಲವತ್ತು ಪ್ಲೇಟುಗಳು ಪುಡಿಯಾಗಿದ್ದವು. ಮಾತು ಒಂದೇ ಸುತ್ತಿನೊಳಗೆ ಮುಗಿಯಬೇಕು. ಎರಡು ಸಲ ಮೇಷ್ಟ್ರ ಕೆತ್ತನೆಯಲ್ಲಿ ಅದರ ಬಾಲ ಕತ್ತರಿಸಿಹೋಯಿತು. ಮೂರನೆಯದು ಸರಿಯಾಗಿ ಕೂತಿತು.

ಅದರ ಮಾದರಿ ನನ್ನ ಮುಂದೆ ತಿರುಗಿತು. ಮುಳ್ಳು ವೃತ್ತಕ್ಕೆ ಇಳಿಯಿತು. ಹುಡುಗ ಕೇಳಿದ, ಮತ್ತೆ ಕೇಳಿದ. ನಾನು ಎತ್ತಲಿಲ್ಲ. ಐವತ್ತು ವರ್ಷಗಳ ಹಿಂದೆ ಆ ಒಂದೂವರೆ ಮೊಳವನ್ನು ಕಸಕ್ಕೆ ಹಾಕದೆ ಅಂಟಿಸಿಟ್ಟ ಕೈ ಯಾರದೋ. ಅವರಿಗೂ ನನ್ನಂತೆ ಬೀಗ ಎಳೆದು ನೋಡುವ ಅಭ್ಯಾಸ ಇದ್ದಿರಬೇಕು.

ಹಬೆಯಣ್ಣ ಗಾಜು ತಟ್ಟಿ, ಶುರು ಮಾಡಲೇ ಎಂದು ಹುಬ್ಬೇರಿಸಿದರು. ನಾನು ಸಹಿ ಹಾಕಿ, ಚೀಟಿಯನ್ನು ಗಾಜಿಗೆ ಒತ್ತಿ ತೋರಿಸಿದೆ.